ಆಲೂರು ರಸ್ತೆಯ ಮುನ್ನೂರು ಮೀಟರ್

ರಜೆಗೆ ಬಂದಾಗಲೆಲ್ಲ ನೀವು ಕೇಳುವುದು ಒಂದೇ ಪ್ರಶ್ನೆ: "ಚಿಕ್ಕಜ್ಜ ಬೈಕ್ ರೇಸ್ ಗೆದ್ದಿದ್ದು ನಿಜಾನಾ ಅಜ್ಜಿ?" ನಾನು ಹೂಂ ಎಂದು ಒಳಗೆ ಎದ್ದು ಹೋಗುತ್ತೇನೆ. ಮೂರು ಜನ ನನ್ನ ಮುಖವನ್ನೇ ನೋಡುತ್ತಾ ಕೂತರೆ ನನಗೆ ಮಾತು ಹೊರಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಬರವಣಿಗೆ ಇದೆ. ಅದರಲ್ಲಿ ಆದಷ್ಟು ಬರೆಯುತ್ತೇನೆ. ಚಿಕ್ಕಜ್ಜ ಹೇಳುವ ಕಥೆಯಲ್ಲಿ ಬರೀ ಸ್ಪೀಡು. ನಿಜಕ್ಕೂ ಸ್ಪೀಡು ಇದ್ದದ್ದು ಒಂದೊಂದು ಸಲಕ್ಕೆ ಹದಿನೈದು ಸೆಕೆಂಡು. ಉಳಿದದ್ದೆಲ್ಲ ಕೆಲಸ.

ನಿಮ್ಮ ಅಜ್ಜ ತೀರಿಹೋಗಿ ಆಗ ಹನ್ನೊಂದು ತಿಂಗಳಾಗಿತ್ತು. ಆನೇಮಹಲ್ ಹತ್ತಿರ ಹೆದ್ದಾರಿ ಬದಿಗೆ ನಮ್ಮ ರಿಪೇರಿ ಶೆಡ್ಡು. ಕಟ್ಟಡ ಒಬ್ಬ ಎಸ್ಟೇಟ್ ಸಾಹುಕಾರರದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಂಜಿನ್ನು, ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್, ತೋಟದ ಲೆಕ್ಕ ಬರೆಯುವ ರೈಟರ್‌ಗಳ ಬೈಕು, ಇವು ಅಲ್ಲಿಗೆ ಬರುತ್ತಿದ್ದವು. ಮದುವೆಯಾದ ಎರಡನೇ ವರ್ಷವೇ ಅಜ್ಜನ ಬಲಗೈಯ ಎರಡು ಬೆರಳು ಪಲ್ಪರಿನ ಹಲ್ಲಿಗೆ ಸಿಕ್ಕಿ ಹೋಗಿದ್ದವು. ದೊಡ್ಡ ಸ್ಪ್ಯಾನರ್ ಹಿಡಿಯಬಲ್ಲರು, ಕಾರ್ಬೊರೇಟರಿನ ಸಣ್ಣ ತಿರುಪು ಹಿಡಿಯಲಾರರು. ಆ ಸಣ್ಣ ಕೆಲಸವೆಲ್ಲ ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಕಿಟಕಿ ಬೆಳಕಿನಲ್ಲಿ, ನನ್ನ ಕೈಗೆ ಬಂತು. ಗಿರಾಕಿಗಳಿಗೆ ಅದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಅಜ್ಜನೂ ಹೇಳಲಿಲ್ಲ.

ಅವರು ಹೋದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಹಣ್ಣು ಕುಯ್ಯುವ ಕಾಲ ಹತ್ತಿರ ಬಂದಾಗ ಸಾಹುಕಾರರು ಶೆಡ್ಡಿಗೆ ಬಂದು ನನ್ನ ಮೈದುನನ ಹತ್ತಿರ ಮಾತಾಡಿದರು. ಮೈದುನ ಎಂದರೆ ನಿಮ್ಮ ಚಿಕ್ಕಜ್ಜ. ಆಗ ಇಪ್ಪತ್ತಾರು ವರ್ಷ, ಬೈಕ್ ಓಡಿಸುವುದರಲ್ಲಿ ಹುಲಿ, ಸ್ಪ್ಯಾನರ್ ಹಿಡಿದರೆ ಬರೀ ಅವಸರ. ನಾನು ಒಳಗಿನ ಕೋಣೆಯಲ್ಲಿದ್ದೆ.

"ನೋಡಪ್ಪ, ನಿಮ್ಮಣ್ಣ ಇದ್ದಾಗ ನಾನು ಬೇರೆ ಕಡೆ ತಿರುಗಿ ನೋಡಿಲ್ಲ. ಈಗ ಪಲ್ಪರ್ ಒಂದಿನ ನಿಂತೋದ್ರೆ ಹಣ್ಣು ಕೆಟ್ಟೋಯ್ತದೆ. ಹಾಸನದಿಂದ ಒಬ್ಬ ಮೆಕ್ಯಾನಿಕ್ ಬರ್ತೀನಿ ಅಂದವ್ನೆ. ಶೆಡ್ ಖಾಲಿ ಮಾಡ್ಕೊಟ್ಬುಡಿ."

"ಮೆಕ್ಯಾನಿಕ್ ಒಳಗೇ ಅವ್ರಲ್ಲ ಸಾಹುಕಾರ್ರೇ."

"ಯಾರಪ್ಪಾ ಅದು?"

"ನಮ್ಮತ್ತಿಗೆ."

ಸಾಹುಕಾರರು ನಕ್ಕರು. "ಏನು, ಸೀಮೆಎಣ್ಣೆ ಸ್ಟೌವ್ ಪಿನ್ ಹೊಡೀತಾರಾ?"

ಮೈದುನನಿಗೆ ಸಿಟ್ಟು ಬಂದರೆ ಬಾಯಿ ನಿಲ್ಲುವುದಿಲ್ಲ. "ನಿಮ್ಮ ಸ್ಪ್ರೇಯರನ್ನ ಇಷ್ಟು ವರ್ಷ ಯಾರು ಟ್ಯೂನ್ ಮಾಡಿದ್ದು ಅಂದ್ಕೊಂಡ್ರಿ? ಬರೋ ಭಾನುವಾರ ಆಲೂರು ಹತ್ರ ಡ್ರ್ಯಾಗ್ ರೇಸ್ ಐತೆ. ಬೆಂಗಳೂರು, ಮಂಗಳೂರಿಂದ ರೇಸೇ ಕಸುಬು ಮಾಡ್ಕಂಡಿರೋರು ಬತ್ತಾವ್ರೆ. ಅತ್ತಿಗೆ ಕಟ್ಟಿದ ಇಂಜಿನ್ನಲ್ಲಿ ನಾನು ಹೋಯ್ತೀನಿ. ಗೆದ್ರೆ ಶೆಡ್ಡು ಅವ್ರಿಗೆ ಬುಡಿ."

"ಸೋತ್ರೆ?"

"ಅವತ್ತೇ ಬೀಗದ ಕೈ ತಂದ್ಕೊಡ್ತೀನಿ."

"ಆಯ್ತು ಹೋಗು. ನಾನೂ ಬತ್ತೀನಿ ನೋಡಕ್ಕೆ," ಎಂದು ಅವರು ಜೀಪು ಹತ್ತಿದರು.

ನಾನು ಹೊರಗೆ ಬಂದು ಕೇಳಿದೆ. "ನನ್ನ ಒಂದು ಮಾತು ಕೇಳ್ದೆ ಯಾಕೆ ಒಪ್ಕೊಂಡೆ?"

"ಕೇಳಿದ್ರೆ ಬ್ಯಾಡ ಅಂತಿದ್ರಿ ಅತ್ತಿಗೆ."

ಅದು ನಿಜ.

ನಮ್ಮ ಬೈಕು ನಿಮ್ಮ ಅಜ್ಜನ ಹಳೆಯ ನೂರು ಸಿಸಿಯದು, ಪೆಟ್ರೋಲಿಗೆ ಆಯಿಲ್ ಕಲಸಿ ಹಾಕುವ ಎರಡು ಸ್ಟ್ರೋಕಿನದು, ನಾಲ್ಕು ಗೇರು. ಐದು ದಿನ ಸಿಕ್ಕಿತು. ಇಂಜಿನ್ನು ಪೂರ್ತಿ ಬಿಚ್ಚಿದೆ. ಪಿಸ್ಟನ್ನಿನ ತಲೆಯ ಮೇಲೆ ಕೂತ ಕರಿಯನ್ನು ಬಿದಿರ ಚಕ್ಕೆಯಿಂದ ಹೆರೆದೆ. ಕಬ್ಬಿಣ ಹಾಕಿದರೆ ಗೀರು ಬೀಳುತ್ತದೆ. ಹೊಸ ರಿಂಗು ಹಾಕಿದೆ. ಸಿಲಿಂಡರಿನ ಕಿಂಡಿಗಳ ಅಂಚನ್ನು ಸಣ್ಣ ಅರದಿಂದ ನುಣುಪು ಮಾಡಿದೆ, ಹೆಚ್ಚು ಕೆರೆಯಲಿಲ್ಲ. ಹೊಸ ರಿಂಗು ಕೂರಲಿ ಎಂದು ಮೈದುನನನ್ನು ಮಾರನಹಳ್ಳಿಯವರೆಗೆ ನಿಧಾನವಾಗಿ ಹೋಗಿ ಬಾ ಎಂದು ದಿನಕ್ಕೆರಡು ಸಲ ಕಳಿಸಿದೆ. ಅವನಿಗೆ ನಿಧಾನ ಎಂಬುದೇ ದೊಡ್ಡ ಶಿಕ್ಷೆ. "ಅತ್ತಿಗೆ, ಲಾರಿಯೋರೆಲ್ಲ ಹಾರ್ನ್ ಹೊಡ್ಕಂಡು ಮುಂದೆ ಹೋಯ್ತಾವ್ರೆ, ಮಾನ ಹೋಯ್ತದೆ," ಎಂದು ಗೊಣಗಿದ.

ಭಾನುವಾರ ಬೆಳಿಗ್ಗೆ ಪಿಕಪ್ ಗಾಡಿಯಲ್ಲಿ ಬೈಕು ಹಾಕಿಕೊಂಡು ಹೊರಟೆವು. ಆಲೂರಿನ ಈಚೆಗೆ ಹೊಸದಾಗಿ ಡಾಂಬರು ಹಾಕಿದ, ಇನ್ನೂ ಬಸ್ಸು ಬಿಡದ ರಸ್ತೆ. ಎರಡು ಬದಿಗೂ ಹಗ್ಗ ಕಟ್ಟಿದ್ದರು. ಮಂಜು ಎಷ್ಟಿತ್ತೆಂದರೆ ಮುನ್ನೂರು ಮೀಟರ್ ಆಚೆಯ ಗೆರೆ ಕಾಣುತ್ತಿರಲಿಲ್ಲ. ಬೈಕುಗಳನ್ನು ರಿಪೇರಿ ಮಾಡುವ ಜಾಗದ ಬಾಗಿಲಲ್ಲಿದ್ದವನು ನನ್ನ ಕೈಯಲ್ಲಿದ್ದ ಚೀಲ ನೋಡಿ, "ಊಟದ ಕ್ಯಾರಿಯರ್ ಕೊಟ್ಬುಟ್ಟು ಆಚೆ ಹೋಗಿ ನಿಂತ್ಕಳವ್ವ," ಎಂದ. ಚೀಲದಲ್ಲಿ ಸ್ಪ್ಯಾನರ್‌ಗಳಿದ್ದವು. ನಾನು ಅಲ್ಲೇ ನಿಂತೆ. ಮೈದುನ ಬಂದು ಕರೆದುಕೊಂಡು ಹೋದ.

ಆಟದ ನಿಯಮ ಹೇಳುತ್ತೇನೆ. ಇಬ್ಬರು ಅಕ್ಕಪಕ್ಕದ ಸಾಲಿನಲ್ಲಿ ನಿಲ್ಲುತ್ತಾರೆ. ಮುಂದೆ ಒಂದು ಕಂಬ. ಮೂರು ಹಳದಿ ದೀಪ ಒಂದಾದ ಮೇಲೊಂದು ಹೊತ್ತುತ್ತವೆ, ಆಮೇಲೆ ಹಸಿರು. ಹಸಿರಿಗೆ ಮುಂಚೆ ಚಕ್ರ ಕದಲಿದರೆ ಕೆಂಪು, ಅಲ್ಲಿಗೆ ಮುಗಿಯಿತು. ಮೊದಲು ಎಲ್ಲರೂ ಒಬ್ಬೊಬ್ಬರೇ ಓಡಿಸಬೇಕು, ತಲಾ ಎರಡು ಸಲ. ಅದರಲ್ಲಿ ಬೇಗ ಮುಟ್ಟಿದ ಹದಿನಾರು ಜನ ಮಾತ್ರ ಉಳಿಯುತ್ತಾರೆ. ಆಮೇಲೆ ಹದಿನಾರು ಎಂಟಾಗಬೇಕು, ಎಂಟು ನಾಲ್ಕಾಗಬೇಕು, ನಾಲ್ಕು ಎರಡಾಗಬೇಕು. ಒಂದು ಸಲ ಸೋತವನಿಗೆ ಇನ್ನೊಂದು ಸಲ ಇಲ್ಲ.

ಒಬ್ಬೊಬ್ಬರೇ ಓಡಿಸುವ ಮೊದಲ ಸಲವೇ ನಮ್ಮ ಬೈಕು ನಡು ರಸ್ತೆಯಲ್ಲಿ ಕೆಮ್ಮಿ ನಿಂತಿತು. ಮೈದುನ ತಳ್ಳಿಕೊಂಡು ಬಂದ. ಹಗ್ಗದಾಚೆ ಸಾಹುಕಾರರು ಕೈ ಕಟ್ಟಿಕೊಂಡು ನಿಂತಿದ್ದರು.

ಪಿಕಪ್‌ನ ಮರೆಯಲ್ಲಿ ಕೂತು ಕಾರ್ಬೊರೇಟರ್ ಬಿಚ್ಚಿದೆ. ಕೆಳಗಿನ ಬಟ್ಟಲಲ್ಲಿ ಪೆಟ್ರೋಲಿನ ತಳಕ್ಕೆ ತಿಳಿ ನೀಲಿ ಬಣ್ಣದ ಹಿಟ್ಟಿನಂಥ ಪುಡಿ ಕೂತಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಎಲೆ ರೋಗ ಬಾರದಿರಲೆಂದು ಕಾಫಿ ಗಿಡಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತೇವಲ್ಲ, ಅದು ಕ್ಯಾನಿನ ಒಳಗೋಡೆಗೆ ಒಣಗಿ ಅಂಟಿಕೊಂಡಿರುತ್ತದೆ.

"ಪೆಟ್ರೋಲಿಗೆ ಆಯಿಲ್ ಯಾವುದರಲ್ಲಿ ಕಲಸಿದೆ?"

"ಕ್ಯಾನಲ್ಲಿ."

"ಯಾವ ಕ್ಯಾನು?"

ಅವನು ತಲೆ ಕೆರೆದುಕೊಂಡ. "ಔಷಧಿ ಕ್ಯಾನು. ತೊಳ್ದಿದ್ದೆ ಅತ್ತಿಗೆ! ಎರಡು ಸಲ ತೊಳ್ದಿದ್ದೆ!"

"ಬೈಕಿಗೆ ಎಲೆ ರೋಗ ಬಂದಿತ್ತಾ?"

ಅವನಿಗೂ ನಗು ಬಂತು. ಆಮೇಲೆ ಟ್ಯಾಂಕಿನ ಪೆಟ್ರೋಲೆಲ್ಲ ಚೆಲ್ಲಿಸಿದೆ, ಪಿಕಪ್‌ನವನನ್ನು ಬಂಕಿಗೆ ಓಡಿಸಿದೆ. ಜೆಟ್ ಎಂದರೆ ಪೆಟ್ರೋಲ್ ಅಳತೆ ಮಾಡಿ ಬಿಡುವ ಹಿತ್ತಾಳೆಯ ಮೊಳೆ, ನಡುವೆ ಸೂಜಿ ಮೊನೆಯಷ್ಟು ತೂತು. ಅದಕ್ಕೆ ತಂತಿ ಚುಚ್ಚಬಾರದು, ತೂತು ದೊಡ್ಡದಾಗುತ್ತದೆ. ಬ್ರಷ್ಷಿನ ಒಂದು ಕೂದಲು ಕಿತ್ತು ಅದರಿಂದ ಬಿಡಿಸಿದೆ, ಬಾಯಿಂದ ಊದಿದೆ. ನಾಲಿಗೆಯ ಮೇಲೆ ಪೆಟ್ರೋಲು, ಸುಣ್ಣ ಎರಡರ ರುಚಿಯೂ ಇಡೀ ದಿನ ಉಳಿಯಿತು. ಎರಡನೇ ಸಲ ಬೈಕು ಸರಿಯಾಗಿ ಓಡಿ ಹದಿನೈದನೆಯ ಜಾಗ ಹಿಡಿಯಿತು. ಹದಿನಾರರಲ್ಲಿ ಹದಿನೈದನೆಯದು. ಆದರೂ ಒಳಗೆ ಬಂದಿದ್ದೆವು.

ಮೊದಲ ಸುತ್ತಿಗೆ ಮಂಜು ಕರಗತೊಡಗಿತ್ತು. ತಣ್ಣನೆಯ ಗಾಳಿಯಲ್ಲಿ ಇಂಜಿನ್ನು ಹೆಚ್ಚು ಪೆಟ್ರೋಲ್ ಕೇಳುತ್ತದೆ, ಬಿಸಿಲಾದರೆ ಕಡಿಮೆ. ಸ್ಪಾರ್ಕ್ ಪ್ಲಗ್ ತೆಗೆದು ನೋಡಿದರೆ ಬಣ್ಣದಲ್ಲಿ ಗೊತ್ತಾಗುತ್ತದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕರ್ರಗೆ ಒದ್ದೆಯಾಗಿದ್ದರೆ ಹೆಚ್ಚಾಯಿತು. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬರಬೇಕು. ಬೆಳಗಿನ ಜೆಟ್ ತೆಗೆದು ತೂತು ಒಂದು ನಂಬರ್ ಸಣ್ಣದಿರುವುದು ಹಾಕಿದೆ. ಎದುರಾಳಿ ಹಾಸನದ ಹುಡುಗ, ಒಬ್ಬೊಬ್ಬರೇ ಓಡಿಸಿದಾಗ ನಮಗಿಂತ ಬಹಳ ಮುಂದಿದ್ದವನು. ಮೂರನೇ ಹಳದಿಗೇ ಹಾರಿಬಿಟ್ಟ. ಅವನ ಬದಿಗೆ ಕೆಂಪು ಹೊತ್ತಿತು. ಮೈದುನ ಗೆದ್ದು ಬಂದು, "ನಾನೇನೂ ಮಾಡ್ಲಿಲ್ಲ ಕಣತ್ತಿಗೆ, ಅವ್ನೇ ಹೋಗ್ಬುಟ್ಟ," ಎಂದ.

ಎರಡನೇ ಸುತ್ತು ನಿಜವಾಗಿ ಗೆದ್ದದ್ದು. ಬೆಂಗಳೂರಿನ ಸವಾರನಿಗಿಂತ ಒಂದು ಚಕ್ರದಷ್ಟು ಮುಂದೆ. ಆದರೆ ಬೈಕು ನನ್ನ ಹತ್ತಿರ ಬಂದಾಗ ಸುಟ್ಟ ಬಿರಡೆಯ ವಾಸನೆ. ಕ್ಲಚ್ ಪ್ಲೇಟ್ ಜಾರುತ್ತಿತ್ತು. ಇಂಜಿನ್ನು ಕೂಗುತ್ತಿದೆ, ಚಕ್ರಕ್ಕೆ ಅಷ್ಟು ಬಲ ಹೋಗುತ್ತಿಲ್ಲ. ಹೊಸ ಪ್ಲೇಟ್ ನಮ್ಮಲ್ಲಿರಲಿಲ್ಲ. ಪ್ಲೇಟುಗಳನ್ನು ಒತ್ತಿ ಹಿಡಿಯುವ ನಾಲ್ಕು ಸ್ಪ್ರಿಂಗಿನ ತಲೆಗೂ ಒಂದೊಂದು ವಾಷರ್ ಕೊಟ್ಟು ಬಿಗಿ ಮಾಡಿದೆ. ಸ್ಪ್ರೇಯರಿನ ವಾಷರ್‌ಗಳು, ಅಳತೆ ಸರಿಹೋಯಿತು. ಜಾರುವುದು ನಿಂತಿತು, ಆದರೆ ಕ್ಲಚ್ಚಿನ ಹಿಡಿ ಕಲ್ಲಾಯಿತು.

ಮೈದುನ ಹಿಡಿ ಒತ್ತಿ ನೋಡಿ, "ಅಯ್ಯಪ್ಪ! ಇದೇನ್ ಕ್ಲಚ್ಚಾ, ಎಮ್ಮೆ ಮೊಲೆನಾ? ಹಾಲು ಬತ್ತದಾ?" ಎಂದ.

"ಬರೋವರ್ಗೂ ಹಿಂಡು," ಎಂದೆ.

ನಾಲ್ವರ ಸುತ್ತಿನಲ್ಲಿ ಆ ಬಿಗಿ ಹಿಡಿಯೇ ನಮ್ಮನ್ನು ಮುಳುಗಿಸುವುದರಲ್ಲಿತ್ತು. ಹೊರಡುವಾಗ ಬೈಕು ಬಾಣದ ಹಾಗೆ ಹೊರಟಿತು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರು ಬಿತ್ತು. ಮೂರರಿಂದ ನಾಲ್ಕಕ್ಕೆ ಹೋಗುವಾಗ ಅವನ ಕೈ ಸೋತು ಇಂಜಿನ್ನು ಒಂದು ಕ್ಷಣ ಉಸಿರು ಬಿಟ್ಟದ್ದು ನನಗೆ ದೂರದಿಂದಲೇ ಕೇಳಿಸಿತು. ಪಕ್ಕದವನು ಮುಂದೆ ಹೋದ. ಆದರೆ ನಾಲ್ಕಕ್ಕೆ ಹೋಗುವಾಗ ಅವನಿಗೆ ಗೇರೇ ತಪ್ಪಿ ಬೈಕು ನಿಧಾನವಾಯಿತು. ನಾವು ಗೆದ್ದೆವು, ಅದೃಷ್ಟದಿಂದ. ಮೈದುನ ಎಡಗೈ ಒದರುತ್ತಾ ಬಂದ. ಅಂಗೈ ಕೆಂಪಾಗಿ ಬೆರಳು ಮಡಚಲಾಗುತ್ತಿರಲಿಲ್ಲ.

ಫೈನಲಿಗೆ ಮುಕ್ಕಾಲು ಗಂಟೆ ಇತ್ತು. ಎದುರಾಳಿ ಕರಾವಳಿಯ ತಂಡ. ಒಂದೇ ಬಣ್ಣದ ಅಂಗಿ, ತಮ್ಮದೇ ವ್ಯಾನು, ತಮ್ಮದೇ ಡೇರೆ. ಸವಾರನಿಗೆ ಅದೇ ಉದ್ಯೋಗ. ಬೆಳಗಿಂದ ಒಂದು ಗೇರೂ ತಪ್ಪದೆ ಓಡಿಸಿದ್ದ.

ನಾನು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಲೆಕ್ಕ ಹಾಕಿದೆ. ವಾಷರ್ ತೆಗೆದರೆ ಕೈಗೆ ಹಗುರ, ಕ್ಲಚ್ ಜಾರುತ್ತದೆ. ಬಿಟ್ಟರೆ ನಾಲ್ಕನೇ ಗೇರಿಗೆ ಅವನ ಕೈ ಸೋಲುತ್ತದೆ. ಹಾಗಾದರೆ ನಾಲ್ಕನೇ ಗೇರೇ ಬೇಡವಾದರೆ? ಚೈನು ಎಳೆಯುವ ಮುಂದಿನ ಹಲ್ಲುಗಾಲಿ, ಸ್ಪ್ರಾಕೆಟ್ಟು, ಎರಡು ಹಲ್ಲು ದೊಡ್ಡದು ಹಾಕಿದರೆ ಮೂರನೇ ಗೇರಲ್ಲೇ ಕೊನೆಯ ಗೆರೆಯವರೆಗೆ ಹೋಗಬಹುದು. ಅಂಥದ್ದು ಒಂದು ನಿಮ್ಮ ಅಜ್ಜನ ಪೆಟ್ಟಿಗೆಯ ತಳದಲ್ಲಿತ್ತು. ನಷ್ಟವೂ ಇತ್ತು. ಹೊರಡುವಾಗ ಬೈಕು ಭಾರ ಎಳೆಯುತ್ತದೆ, ಹಿಂದೆ ಬೀಳುತ್ತದೆ.

ಮೈದುನನಿಗೆ ಹೇಳಿದೆ. ಅವನು ಎದ್ದು ನಿಂತ.

"ತಲೆ ಕೆಟ್ಟದಾ ಅತ್ತಿಗೆ? ಡ್ರ್ಯಾಗ್‌ನಲ್ಲಿ ಸ್ಟಾರ್ಟೇ ಎಲ್ಲ. ಅಲ್ಲೇ ಹಿಂದೆ ಬಿದ್ರೆ ಮುಗೀತು!"

"ಹಿಂದೆ ಬೀಳ್ತೀಯ. ಹೆದರ್ಬೇಡ. ಅವನು ನಾಲ್ಕನೇ ಗೇರ್ ಹಾಕೋವಾಗ ನೀನು ಹಾಕೋ ಹಂಗಿಲ್ಲ. ಅಲ್ಲಿ ಸಿಕ್ತಾನೆ."

"ಇಂಜಿನ್ನು ತಡೀತದಾ ಅಷ್ಟು ದೂರ ಕಿರಚ್ಕಂಡು ಹೋಗಕ್ಕೆ?"

"ತಡೀತದೆ."

"ನಿಮ್ಗೆಂಗೊತ್ತು?"

"ನಾನೇ ಕಟ್ಟಿದ್ದಲ್ವಾ?"

ಅಷ್ಟು ಗಟ್ಟಿಯಾಗಿ ನಾನು ಅವನ ಹತ್ತಿರ ಅದುವರೆಗೆ ಮಾತಾಡಿದ್ದೇ ಇಲ್ಲ. ಅವನು ಕೂತು ಚೈನಿನ ಲಾಕು ಬಿಚ್ಚತೊಡಗಿದ. ನಾನು ಸ್ಪ್ರಾಕೆಟ್ ಬದಲಿಸಿದೆ, ಹಿಂದಿನ ಚಕ್ರ ಮುಂದಕ್ಕೆ ಸರಿಸಿ ಚೈನು ಹದ ಮಾಡಿದೆ. ಅಷ್ಟರಲ್ಲಿ ಘಟ್ಟದ ಕಡೆಯಿಂದ ಮೋಡ ಬಂದು ಬಿಸಿಲು ಹೋಯಿತು, ಗಾಳಿ ತಣ್ಣಗಾಯಿತು. ಜೆಟ್ ತೆಗೆದು ಬೆಳಗಿನ ದೊಡ್ಡ ನಂಬರನ್ನೇ ಮತ್ತೆ ಹಾಕಿದೆ. ಮೂರನೇ ಗೇರಲ್ಲಿ ಅಷ್ಟು ಹೊತ್ತು ಎಳೆಯುವಾಗ ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ ಕಚ್ಚಿ ಅವನು ಬೀಳುತ್ತಾನೆ. ಆ ಭಯ ಅವನಿಗೆ ಹೇಳಲಿಲ್ಲ.

ಹಳದಿ, ಹಳದಿ, ಹಳದಿ, ಹಸಿರು. ಕರಾವಳಿಯವನು ಒಮ್ಮೆಗೇ ಎರಡು ಬೈಕಿನಷ್ಟು ಮುಂದೆ ಹೋದ. ಜನ ಓ ಎಂದರು. ನಾನು ನೋಡುವುದು ಬಿಟ್ಟು ಕಣ್ಣು ಮುಚ್ಚಿ ಕೇಳಿದೆ. ನಮ್ಮ ಇಂಜಿನ್ನು ಮೊದಲು ತಿಣುಕಿತು, ಆಮೇಲೆ ಹಿಡಿಯಿತು. ಎರಡನೇ ಗೇರು. ಮೂರನೇ ಗೇರು. ಅಲ್ಲಿಂದ ದನಿ ಏರುತ್ತಲೇ ಹೋಯಿತು. ಎದುರಾಳಿಯ ದನಿ ನಡುವೆ ಒಂದು ಸಲ ತಗ್ಗಿ ಮತ್ತೆ ಎದ್ದಿತು. ನಮ್ಮದು ತಗ್ಗಲೇ ಇಲ್ಲ. ಕಣ್ಣು ಬಿಡುವಷ್ಟರಲ್ಲಿ ಎರಡೂ ಗೆರೆ ದಾಟಿದ್ದವು. ಯಾರು ಎಂದು ನನಗೆ ಗೊತ್ತಾಗಲಿಲ್ಲ. ಗೆದ್ದವರಿಗೆ ಹೊತ್ತುವ ದೀಪ ನಮ್ಮ ಬದಿಗೆ ಹೊತ್ತಿತು. ಮುಂದಿನ ಚಕ್ರದ ಅರ್ಧದಷ್ಟು ಅಂತರವಂತೆ.

ಆಲೂರು, ಸಕಲೇಶಪುರದ ಜನ ಹಗ್ಗ ದಾಟಿ ನುಗ್ಗಿ ಮೈದುನನನ್ನು ಎತ್ತಿಕೊಂಡರು. ನಾನು ಪಿಕಪ್ ಹಿಂದೆ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಆದರೆ ಮುಗಿದಿರಲಿಲ್ಲ. ಕರಾವಳಿ ತಂಡದ ಮ್ಯಾನೇಜರ್ ಆಕ್ಷೇಪ ಹಾಕಿದ. ನೂರು ಸಿಸಿ ಇಂಜಿನ್ನು ಮೂರನೇ ಗೇರಲ್ಲಿ ಹಾಗೆ ಎಳೆಯುವುದಿಲ್ಲ, ಒಳಗೆ ದೊಡ್ಡ ಪಿಸ್ಟನ್ ಇದೆ, ಬಿಚ್ಚಿಸಿ ಎಂದ. ಬಿಚ್ಚುವುದು ಗೆದ್ದ ಬೈಕಿನ ಮೆಕ್ಯಾನಿಕ್ಕೇ, ಬೇರೆ ಯಾರೂ ಮುಟ್ಟುವಂತಿಲ್ಲ. ಮೆಕ್ಯಾನಿಕ್ ಎಂದು ಮೈದುನ ಬರೆಸಿದ್ದ ನನ್ನ ಹೆಸರನ್ನು ಮೈಕಿನಲ್ಲಿ ಕೂಗಿದರು. ಎರಡು ಸಲ ಕೂಗಿದರು.

ನಾನು ಪಿಕಪ್ ಹಿಂದೆಯೇ ಇದ್ದೆ. ಮೈದುನ ಬಂದು, "ಬನ್ನಿ ಅತ್ತಿಗೆ. ನೀವು ಬರ್ದಿದ್ರೆ ನಾನೇ ಬಿಚ್ತೀನಿ, ಆಮೇಲೆ ಜೋಡ್ಸಕ್ಕಾಗಲ್ಲ," ಎಂದ. ಸ್ಪ್ಯಾನರ್ ಚೀಲ ಎದೆಗೆ ಅವುಚಿಕೊಂಡು ಹೋದೆ. ಸುತ್ತ ಇನ್ನೂರು ಜನ. ಸಾಹುಕಾರರು ಮುಂದಿನ ಸಾಲಿನಲ್ಲಿ. ಒಂದು ಹೆಂಗಸು ಬಂದದ್ದು ನೋಡಿ ಜನ ಸರಿದು ದಾರಿ ಬಿಟ್ಟರು.

ಪರೀಕ್ಷೆ ಮಾಡುವ ಅಧಿಕಾರಿ, "ಬಿಚ್ಚಿ," ಎಂದರು.

ಇಂಜಿನ್ನಿನ ಮೇಲೆ ಕೈ ಇಟ್ಟು ನೋಡಿದೆ. "ಈಗ ಬಿಚ್ಚಲ್ಲ ಸಾರ್. ಅರ್ಧ ಗಂಟೆ ಬೇಕು."

"ನೋಡಿ! ಟೈಮ್ ಕೇಳ್ತಾ ಇದ್ದಾರೆ," ಎಂದ ಮ್ಯಾನೇಜರ್.

"ಬಿಸಿ ಇದ್ದಾಗ ನಟ್ ಸಡಿಲಿಸಿದ್ರೆ ಹೆಡ್ ಸೊಟ್ಟಗಾಗ್ತದೆ. ನೀವೆಲ್ಲ ಇಲ್ಲೇ ಕೂತ್ಕೊಂಡು ಕಾಯಿರಿ. ನಾನೂ ಎಲ್ಲೂ ಹೋಗಲ್ಲ."

ನನ್ನ ದನಿ ನನಗೇ ಬೇರೆಯವರದು ಎನ್ನಿಸಿತು. ಕರಾವಳಿ ತಂಡದ ಮೆಕ್ಯಾನಿಕ್, ನರೆತ ತಲೆಯವರು, ತಮ್ಮ ಮ್ಯಾನೇಜರಿಗೇ ಹೇಳಿದರು: "ಅವರು ಹೇಳೋದು ಸರಿ ಉಂಟು ಮಾರಾಯ್ರೆ. ಸ್ವಲ್ಪ ಸುಮ್ನಿರಿ."

ಅರ್ಧ ಗಂಟೆ ಎಲ್ಲರೂ ಕಾದರು. ಆಮೇಲೆ ಹೆಡ್ಡಿನ ನಾಲ್ಕು ನಟ್ಟನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಸ್ಪ್ಯಾನರ್ ನಟ್ಟಿಗೆ ಕೂತ ಕೂಡಲೇ ಸುತ್ತಲಿನ ಜನ ಮರೆತೇಹೋಯಿತು. ಹಿಂದಿನ ಕೋಣೆಯಲ್ಲಿ ಕೂತಷ್ಟೇ ನಿರಾಳ. ಹೆಡ್ ತೆಗೆದೆ, ಸಿಲಿಂಡರ್ ಎತ್ತಿದೆ, ಒರೆಸಿ ಅಧಿಕಾರಿಯ ಕೈಗೆ ಕೊಟ್ಟೆ. ಅವರು ವರ್ನಿಯರ್ ಅಳತೆಗೋಲು ಇಟ್ಟು ಅಳೆದರು. ತಿರುಗಿಸಿ ಮತ್ತೆ ಅಳೆದರು. ಮ್ಯಾನೇಜರಿಗೂ ತೋರಿಸಿದರು.

"ನೂರು ಸಿಸಿಯೇ. ಎಲ್ಲ ಸರಿಯಾಗಿದೆ," ಎಂದರು.

ಜನರ ಕೂಗು ಕೇಳಿ ಮರದ ಹಕ್ಕಿಗಳೆಲ್ಲ ಎದ್ದವು. ನರೆತ ತಲೆಯ ಮೆಕ್ಯಾನಿಕ್ ಮಾತ್ರ ಕೂಗಲಿಲ್ಲ. ಕೆಳಗೆ ಕೂತು ಪಿಸ್ಟನ್ನಿನ ತಲೆಯ ಕಂದು ಬಣ್ಣವನ್ನೇ ನೋಡುತ್ತಿದ್ದರು. "ಅಕ್ಕ, ಜೆಟ್ ಯಾವ ನಂಬರ್ ಹಾಕಿದ್ರಿ? ನಮ್ಮದು ಕೆಳಗಿನ ಊರಿನ ಜೆಟ್, ಘಟ್ಟದ ಮೇಲಿನ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಬೆಳಿಗ್ಗೆಯಿಂದ ಹೊಗೆಯೇ ಹೊಗೆ."

ನಂಬರ್ ಹೇಳಿದೆ. ಅವರು ಅದನ್ನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡರು. ಅಂದು ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಆ ಬರಹ. ರೇಸಿನಲ್ಲಿ ಗೆದ್ದ ಕಪ್ಪು ಎಲ್ಲಿದೆ ಎಂದು ನೀವು ಚಿಕ್ಕಜ್ಜನನ್ನೇ ಕೇಳಿ.

ಇಂಜಿನ್ನು ತಿರುಗಿ ಜೋಡಿಸುತ್ತಿದ್ದಾಗ ಸಾಹುಕಾರರು ಹತ್ತಿರ ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಏನವ್ವಾ, ನಾಳೆ ನಮ್ಮ ಸ್ಟೋರ್ ಹತ್ರ ಬಂದು ಪಲ್ಪರ್ ಇಂಜಿನ್ನು ಒಂಚೂರು ನೋಡ್ಕೊಟ್ಟು ಹೋಗ್ಬುಡು."

ನಾನು ಕೊನೆಯ ನಟ್ಟು ಬಿಗಿ ಮಾಡಿ ಎದ್ದು ನಿಂತೆ.

"ಶೆಡ್ಡಿಗೇ ಕಳಿಸಿ ಸಾಹುಕಾರ್ರೇ. ಬಾಗ್ಲು ತೆಗೆದಿರ್ತೀನಿ."

ಸಾಹುಕಾರರು ನನ್ನ ಮುಖ ನೋಡಿದರು, ಬೈಕು ನೋಡಿದರು.

"ಎಷ್ಟೊತ್ತಿಗೆ ಕಳಿಸ್ಲಿ?" ಎಂದರು.

"ಎಂಟು ಗಂಟೆಗೆ."

ಮಾರನೆಯ ದಿನ ನಾನು ಬಾಗಿಲು ತೆಗೆಯುವ ಹೊತ್ತಿಗೆ ಅವರ ಜೀಪು ಆಗಲೇ ಬಂದು ರಸ್ತೆ ಬದಿಗೆ ನಿಂತಿತ್ತು. ಹಿಂದೆ ಪಲ್ಪರ್ ಇಂಜಿನ್ನು, ಅದರ ಮೇಲೆ ಮೂರು ಸ್ಪ್ರೇಯರ್.